‘ನನ್ನ ಐಡಿಯಾ ಕದ್ದರು’ ಅಂದಾಗ ಕಾನೂನು ಏನನ್ನು ನೋಡುತ್ತದೆ?

ಹೊಸ ಸಿನಿಮಾ ಒಂದು ಚೆನ್ನಾಗಿ ಓಡಲು ಶುರುವಾದರೆ ಸಾಕು, ‘ಈ ಕಥೆ ನಾನು ಎಂದೋ ಹೇಳಿದ್ದೆ’ ಎಂಬ ಪೋಸ್ಟ್ ಎಲ್ಲಿಂದಲೋ ಬರುತ್ತದೆ. ಕೋರಮಂಗಲದಲ್ಲಿ ಕೂತು ಆ್ಯಪ್ ಮಾಡಲು ಹೊರಟ ಹುಡುಗರಿಗೂ ಇದೇ ಭಯ: ಯಾರಿಗಾದರೂ ಹೇಳಿದರೆ ಅವರೇ ಮಾಡಿಬಿಟ್ಟರೆ? ಮೊದಲು ಈ ಚಿಂತೆ ಗಾಂಧಿನಗರದ ಸಿನಿಮಾದವರಿಗೆ, ಲ್ಯಾಬ್‌ನಲ್ಲಿ ಕೆಲಸ ಮಾಡುವವರಿಗೆ ಮಾತ್ರ ಇತ್ತು. ಈಗ ಮನೆಯಲ್ಲಿ ಅಡುಗೆ ವಿಡಿಯೊ ಮಾಡುವವರಿಗೂ, ಹೊಸ ನಮೂನೆ ಒಡವೆ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಮಾರುವವರಿಗೂ ಬಂದಿದೆ.

ನಮ್ಮ ದೇಶದ ಕಾನೂನಿನ ಉತ್ತರ ಕೇಳಲು ಸರಳ. ತಲೆಯೊಳಗಿನ ಯೋಚನೆ ಯಾರ ಸೊತ್ತೂ ಅಲ್ಲ. ಆ ಯೋಚನೆಗೆ ನೀವು ಕೊಟ್ಟ ರೂಪ ನಿಮ್ಮದು. ಎಂಥ ರೂಪ ಕೊಟ್ಟಿರಿ ಅನ್ನುವುದನ್ನು ನೋಡಿ ಯಾವ ಕಾನೂನು, ಎಷ್ಟು ವರ್ಷ ಅಂತ ತೀರ್ಮಾನವಾಗುತ್ತದೆ. ತಕರಾರು ಹುಟ್ಟುವುದೆಲ್ಲ ಯೋಚನೆ ಎಲ್ಲಿ ಮುಗಿಯಿತು, ರೂಪ ಎಲ್ಲಿ ಶುರುವಾಯಿತು ಎಂಬ ಗೆರೆಯ ಬಳಿ.

ರವೆ ಇಡ್ಲಿ ಯಾರ ಸೊತ್ತು?

ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗುವುದು ಕಷ್ಟವಾದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದೇ ಹಾಗೆ ಎಂದು ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೇಳಿಕೊಳ್ಳುತ್ತದೆ. ಇವತ್ತು ಬೆಂಗಳೂರಿನ ಯಾವ ದರ್ಶಿನಿಗೆ ಹೋದರೂ ರವೆ ಇಡ್ಲಿ ಸಿಗುತ್ತದೆ. ಯಾರೂ ಯಾರ ಅನುಮತಿಯನ್ನೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಯಾಕೆಂದರೆ ‘ಅಕ್ಕಿಯ ಬದಲು ರವೆ ಹಾಕೋಣ’ ಅನ್ನುವುದು ಒಂದು ಯೋಚನೆ. ರವೆ ಇಷ್ಟು, ಮೊಸರು ಇಷ್ಟು, ಒಗ್ಗರಣೆಗೆ ಇದು ಅನ್ನುವ ಪಟ್ಟಿ ಬರೀ ಮಾಹಿತಿ. ಈ ಎರಡಕ್ಕೂ ಒಡೆತನ ಇಲ್ಲ. ಆದರೆ ಅದೇ ಇಡ್ಲಿ ಮಾಡುವುದನ್ನು ನೀವು ನಿಮ್ಮ ಮಾತಿನಲ್ಲಿ, ನಿಮ್ಮ ಅಜ್ಜಿಯ ಕಥೆ ಸೇರಿಸಿ ಬರೆದರೆ ಆ ಬರಹ ನಿಮ್ಮದು. ನೀವು ತೆಗೆದ ವಿಡಿಯೊ ನಿಮ್ಮದು, ತಟ್ಟೆಯ ಫೋಟೊ ನಿಮ್ಮದು. ಹೋಟೆಲಿನ ಹೆಸರು ಮತ್ತು ಲೋಗೊ ಟ್ರೇಡ್‌ಮಾರ್ಕ್ ಆಗಿ ಹೋಟೆಲಿನವರದ್ದು. ಇಡ್ಲಿಯನ್ನು ಯಾರು ಬೇಕಾದರೂ ಬೇಯಿಸಬಹುದು, ‘ಎಂಟಿಆರ್’ ಅಂತ ಬೋರ್ಡ್ ಹಾಕಿಕೊಂಡು ಮಾರುವ ಹಾಗಿಲ್ಲ.

ಯೋಚನೆಯನ್ನು ಕಾನೂನು ಯಾಕೆ ಬಿಟ್ಟುಕೊಟ್ಟಿದೆ?

ಮೊದಲು ಹೊಳೆದದ್ದು ನನಗೆ, ಹಾಗಾಗಿ ಅದು ನನ್ನದೇ ಆಗಬೇಕಲ್ವಾ ಅಂತ ಅನ್ನಿಸುವುದು ಸಹಜ. ಆದರೆ ಹಾಗೆ ಮಾಡಿದರೆ ಏನಾಗುತ್ತಿತ್ತು ನೋಡಿ. ಬೆಂಗಳೂರಿನಲ್ಲಿ ಮೊಬೈಲ್‌ನಿಂದ ಆಟೋ ಕರೆಯಲು ಓಲಾ ಇದೆ, ಊಬರ್ ಇದೆ, ರ‍್ಯಾಪಿಡೊ ಇದೆ, ನಮ್ಮ ಯಾತ್ರಿ ಇದೆ. ಯೋಚನೆ ಒಂದೇ. ‘ಮೊಬೈಲ್‌ನಲ್ಲಿ ಗಾಡಿ ಕರೆಯುವುದು’ ಮೊದಲು ಯೋಚಿಸಿದವರ ಸೊತ್ತಾಗಿದ್ದರೆ ಉಳಿದ ಮೂವರು ಹುಟ್ಟುತ್ತಲೇ ಇರಲಿಲ್ಲ.

ಕೆಂಪೇಗೌಡರ ಬದುಕಿನ ಬಗ್ಗೆ ನಾಳೆ ನೀವೊಂದು ನಾಟಕ ಬರೆಯಬಹುದು, ನಾಡಿದ್ದು ಇನ್ನೊಬ್ಬರು ಸಿನಿಮಾ ಮಾಡಬಹುದು. ಚರಿತ್ರೆಯಲ್ಲಿ ನಡೆದದ್ದು, ಪುರಾಣದ ಕಥೆ, ‘ಬಡ ಹುಡುಗ ಶ್ರೀಮಂತರ ಹುಡುಗಿಯನ್ನು ಪ್ರೀತಿಸಿದ’ ಅನ್ನುವಂಥ ಕಥೆಯ ಎಳೆ, ಇವನ್ನೆಲ್ಲ ಕಾನೂನು ಎಲ್ಲರಿಗೂ ಬಿಟ್ಟಿದೆ. ಹಾಗೆ ಬಿಟ್ಟಿರುವುದರಿಂದಲೇ ಮುಂದಿನವರಿಗೆ ಬರೆಯಲು ಏನಾದರೂ ಉಳಿದಿದೆ.

ಸಿನಿಮಾದ ಹೆಸರಿಗೂ ಕಾಪಿರೈಟ್, ಅಂದರೆ ಕೃತಿಯ ಮೇಲಿನ ಹಕ್ಕು, ಇಲ್ಲ. ಒಂದೆರಡು ಪದದ ಶೀರ್ಷಿಕೆ ಪೂರ್ತಿ ಕೃತಿ ಅನ್ನಿಸಿಕೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಫಿಲಂ ಚೇಂಬರ್‌ನಲ್ಲಿ ಟೈಟಲ್ ರಿಜಿಸ್ಟರ್ ಮಾಡಿಸುವುದು ಉದ್ಯಮದವರು ತಮ್ಮತಮ್ಮಲ್ಲಿ ಮಾಡಿಕೊಂಡ ಶಿಸ್ತು, ಕಾಪಿರೈಟ್ ಅಲ್ಲ.

ಒಂದು ನಾಟಕ, ಒಂದು ಸಿನಿಮಾ, ಒಂದು ತೀರ್ಪು

ಈ ಗೆರೆ ಎಲ್ಲಿದೆ ಅಂತ ತಿಳಿಯಲು ಒಂದು ಮೊಕದ್ದಮೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇವತ್ತಿಗೂ ನಮ್ಮ ನ್ಯಾಯಾಲಯಗಳು ಇದನ್ನೇ ಮುಂದಿಟ್ಟುಕೊಂಡು ಮಾತಾಡುತ್ತವೆ.

ಆರ್.ಜಿ. ಆನಂದ್ ಎಂಬ ನಾಟಕಕಾರರು 1953ರಲ್ಲಿ ‘ಹಮ್ ಹಿಂದುಸ್ತಾನಿ’ ಎಂಬ ಹಿಂದಿ ನಾಟಕ ಬರೆದರು. ಅಕ್ಕಪಕ್ಕದಲ್ಲಿ ಒಂದು ಪಂಜಾಬಿ ಕುಟುಂಬ, ಒಂದು ಮದ್ರಾಸಿ ಕುಟುಂಬ. ಎರಡು ಮನೆಯ ಮಕ್ಕಳು ಪ್ರೀತಿಸುತ್ತಾರೆ. ಹಿರಿಯರಿಗೆ ಬೇರೆ ಪ್ರಾಂತದ ಸಂಬಂಧ ಬೇಡ. ನಾಟಕ ದೆಹಲಿಯಲ್ಲಿ ಜನಪ್ರಿಯವಾಯಿತು. ಮುಂಬೈಯ ಸಿನಿಮಾ ನಿರ್ದೇಶಕರೊಬ್ಬರು ಆಸಕ್ತಿ ತೋರಿಸಿದರು, ದೆಹಲಿಗೆ ಬಂದಾಗ ನಾಟಕವನ್ನು ಪೂರ್ತಿ ಓದಿಸಿ ಕೇಳಿದರು. ಆಮೇಲೆ ಸುದ್ದಿಯಿಲ್ಲ. 1956ರಲ್ಲಿ ಅದೇ ನಿರ್ದೇಶಕರ ‘ನ್ಯೂ ದೆಲ್ಲಿ’ ಸಿನಿಮಾ ಬಂತು. ಅಲ್ಲೂ ಪಂಜಾಬಿ ಹುಡುಗ, ದಕ್ಷಿಣದ ಹುಡುಗಿ, ಬೇಡ ಅನ್ನುವ ಹಿರಿಯರು.

ಕಥೆ ಕೇಳಿಸಿಕೊಂಡವರೇ ಮಾಡಿದ್ದಾರೆ, ವಿಷಯವೂ ಒಂದೇ. ಆನಂದ್ ಅವರ ಜಾಗದಲ್ಲಿ ಯಾರಿದ್ದರೂ ಕೋರ್ಟಿಗೆ ಹೋಗುತ್ತಿದ್ದರು. ಅವರೂ ಹೋದರು. ಕೆಳಗಿನ ಕೋರ್ಟಿನಲ್ಲಿ ಸೋತರು, ಹೈಕೋರ್ಟಿನಲ್ಲಿ ಸೋತರು, 1978ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು.

ನ್ಯಾಯಾಧೀಶರು ನಾಟಕ ಓದಿದರು, ಸಿನಿಮಾ ನೋಡಿದರು. ಸಿನಿಮಾದಲ್ಲಿ ಹೀರೊ ಕೆಲಸಕ್ಕಾಗಿ ದೆಹಲಿಗೆ ಬರುತ್ತಾನೆ. ಬಾಡಿಗೆಗೆ ಕೋಣೆ ಹುಡುಕಿದರೆ ಪ್ರತಿ ಮನೆ ಮಾಲೀಕನಿಗೂ ತನ್ನ ಪ್ರಾಂತದವನೇ ಬೇಕು. ಕೊನೆಗೆ ದಕ್ಷಿಣದವನ ವೇಷ ಹಾಕಿ ಮನೆ ಹಿಡಿಯುತ್ತಾನೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಸಂಕಟ ಹೊಸದಲ್ಲ ಬಿಡಿ. ಇದರ ಜೊತೆಗೆ ವರದಕ್ಷಿಣೆಯ ಕಥೆಯೂ ಇದೆ. ನಾಟಕದಲ್ಲಿ ಇವೆರಡೂ ಇಲ್ಲ. ಪ್ರಾಂತ ಪ್ರಾಂತಗಳ ನಡುವಿನ ಭೇದ ಎಂಬ ಯೋಚನೆ ಎರಡರಲ್ಲೂ ಇದೆ, ಅದನ್ನು ಹೆಣೆದ ರೀತಿ ಬೇರೆಬೇರೆ ಎಂದು ಕೋರ್ಟ್ ಹೇಳಿತು.

ಆ ತೀರ್ಪಿನಲ್ಲಿ ಒಂದು ಪರೀಕ್ಷೆ ಇದೆ. ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕ ‘ಇದು ಅದರದೇ ನಕಲು’ ಎಂದು ಅನುಮಾನವಿಲ್ಲದೆ ಹೇಳುವಂತಿದ್ದರೆ ಅದು ಕೃತಿಚೌರ್ಯ. ಅಲ್ಲೊಂದು ಇಲ್ಲೊಂದು ಹೋಲಿಕೆ ಸಾಲದು. ಹಾಗಂತ ನಾಲ್ಕು ಕಡೆ ಬಣ್ಣ ಬದಲಿಸಿದರೆ ತಪ್ಪಿಸಿಕೊಳ್ಳಬಹುದು ಅಂತಲೂ ಅಲ್ಲ. ದೃಶ್ಯಗಳ ಜೋಡಣೆ, ಪಾತ್ರಗಳ ನಡೆ, ಮಾತು, ತಿರುವು, ಇವುಗಳ ಮುಖ್ಯ ಭಾಗವನ್ನೇ ಎತ್ತಿಕೊಂಡಿದ್ದರೆ ಆಗ ಸಿಕ್ಕಿಬೀಳುತ್ತಾರೆ.

ಗಾಂಧಿನಗರದಲ್ಲಿ ‘ಒನ್‌ಲೈನ್’ ಅನ್ನುತ್ತಾರಲ್ಲ, ಒಂದೇ ಮಾತಿನಲ್ಲಿ ಹೇಳುವ ಕಥೆ, ಅದು ಈ ಲೆಕ್ಕದಲ್ಲಿ ಹೆಚ್ಚಿನಂಶ ಯೋಚನೆಯ ಕಡೆಗೇ ಬೀಳುತ್ತದೆ. ದೃಶ್ಯ, ಸಂಭಾಷಣೆ ಎಲ್ಲ ಬರೆದು ಮುಗಿಸಿದ ಬೌಂಡ್ ಸ್ಕ್ರಿಪ್ಟ್ ರೂಪದ ಕಡೆಗೆ. ನಿಮ್ಮ ಕೈಯಲ್ಲಿರುವುದು ಒನ್‌ಲೈನ್‌ಗೆ ಹತ್ತಿರವೋ ಸ್ಕ್ರಿಪ್ಟ್‌ಗೆ ಹತ್ತಿರವೋ ನೋಡಿಕೊಳ್ಳಿ. ನಿಮ್ಮ ವಾದ ಎಷ್ಟು ಗಟ್ಟಿ ಅಂತ ಅಲ್ಲೇ ಅರ್ಧ ತಿಳಿಯುತ್ತದೆ.

ಕಾಪಿರೈಟ್‌ಗೆ ಅರ್ಜಿ ಹಾಕಬೇಕಾ?

ಬೇಕಿಲ್ಲ. ತುಂಬ ಜನಕ್ಕೆ ಇದು ಗೊತ್ತಿಲ್ಲ. ಕವಿತೆ, ಕಥೆ, ಚಿತ್ರ, ಸಂಗೀತ, ಫೋಟೊ, ವಿಡಿಯೊ ಯಾವುದೇ ಇರಲಿ, ನೀವೇ ಸ್ವಂತವಾಗಿ ಮಾಡಿದ್ದಾದರೆ, ಮಾಡಿದ ಕ್ಷಣದಿಂದಲೇ 1957ರ ಕಾಪಿರೈಟ್ ಕಾಯ್ದೆಯ ರಕ್ಷಣೆ ಅದಕ್ಕಿದೆ. ವೈಟ್‌ಫೀಲ್ಡ್‌ನ ಆಫೀಸಿನಲ್ಲಿ ಬರೆಯುವ ಸಾಫ್ಟ್‌ವೇರ್ ಕೋಡ್ ಕೂಡ ಈ ಕಾಯ್ದೆಯ ಪ್ರಕಾರ ‘ಸಾಹಿತ್ಯ ಕೃತಿ’ಯೇ.

ನೋಂದಣಿ ಮಾಡಿಸಬಹುದು, ಕಡ್ಡಾಯ ಅಲ್ಲ. ಮಾಡಿಸಿದರೆ ಆಗುವ ಲಾಭ ಏನೆಂದರೆ, ನಾಳೆ ಜಗಳ ಬಂದಾಗ ಆ ದಾಖಲೆಯನ್ನು ಕೋರ್ಟ್ ಮೇಲ್ನೋಟದ ಸಾಕ್ಷಿ ಅಂತ ಒಪ್ಪುತ್ತದೆ. ಅಲ್ಲ ಅಂತ ಸಾಧಿಸುವ ಹೊರೆ ಎದುರಿನವರ ಮೇಲೆ ಬೀಳುತ್ತದೆ. ಕಥೆ, ಸ್ಕ್ರಿಪ್ಟ್‌ನಂಥ ಬರಹಕ್ಕೆ ಸರ್ಕಾರದ ಶುಲ್ಕ 500 ರೂಪಾಯಿ. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಹಾಕಿದ ಮೇಲೆ ಯಾರಾದರೂ ಆಕ್ಷೇಪಣೆ ಎತ್ತುತ್ತಾರೇನೋ ಎಂದು 30 ದಿನ ಕಾಯುತ್ತಾರೆ.

ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ ಇನ್ನೂ 60 ವರ್ಷ ಈ ಹಕ್ಕು ನಡೆಯುತ್ತದೆ. ಟಿ.ಪಿ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2007ರ ಜನವರಿಯಿಂದ ಎಲ್ಲರವೂ ಆದವು. ಬಸವನಗುಡಿಯ ಡಿವಿಜಿಯವರು ತೀರಿಕೊಂಡದ್ದು 1975ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕು 2035ರ ಕೊನೆಯವರೆಗೂ ಇರುತ್ತದೆ. ಸಿನಿಮಾಗಳಿಗಾದರೆ ಬಿಡುಗಡೆಯಾದ ವರ್ಷ ಮುಗಿದ ಮೇಲೆ 60 ವರ್ಷ.

ಬೆಂಗಳೂರಿನ ನೌಕರಿಯವರು ಒಂದು ವಿಷಯ ಗಮನಿಸಲೇಬೇಕು. ಕಂಪನಿಯ ಕೆಲಸದ ಭಾಗವಾಗಿ ನೀವು ಬರೆದದ್ದರ ಮೊದಲ ಒಡೆಯ ಕಂಪನಿ, ನೀವಲ್ಲ. ಬೇರೆ ಒಪ್ಪಂದ ಇದ್ದರೆ ಮಾತ್ರ ಬೇರೆ ಮಾತು. ಫ್ರೀಲಾನ್ಸ್ ಬರೆಯುವವರ ಲೆಕ್ಕ ಇದಕ್ಕೆ ಉಲ್ಟಾ. ಬರೆದವರೇ ಒಡೆಯರು, ಸಹಿ ಹಾಕಿ ಬರೆದುಕೊಡುವ ತನಕ. ಆದರೆ ದುಡ್ಡು ಕೊಟ್ಟು ತೆಗೆಸಿದ ಫೋಟೊ ಮತ್ತು ವಿಡಿಯೊ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟವರದ್ದು. ನಿಮ್ಮ ಮದುವೆ ಆಲ್ಬಮ್ ನೆನಪಿಸಿಕೊಳ್ಳಿ. ಹಕ್ಕನ್ನು ಬರೆದುಕೊಡುವಾಗ ಎಷ್ಟು ವರ್ಷಕ್ಕೆ ಅಂತ ಪತ್ರದಲ್ಲಿ ಇಲ್ಲದಿದ್ದರೆ ಐದೇ ವರ್ಷ ಅಂತ ಕಾನೂನು ತಿಳಿಯುತ್ತದೆ. ಎಲ್ಲೆಲ್ಲಿಗೆ ಅಂತ ಇಲ್ಲದಿದ್ದರೆ ಭಾರತಕ್ಕೆ ಮಾತ್ರ. ಹಾಗಾಗಿ ಆ ಎರಡು ಸಾಲು ಹುಡುಕಿ ಓದದೆ ಸುಮ್ನೆ ಸಹಿ ಹಾಕಬೇಡಿ.

ಚನ್ನಪಟ್ಟಣದ ಒಂದು ಬುಗುರಿ

ಕೈಯಲ್ಲಿ ಹಿಡಿಯುವ ವಸ್ತುವಿನ ವಿಷಯಕ್ಕೆ ಬಂದರೆ ಕಥೆ ಇನ್ನೂ ಸ್ವಾರಸ್ಯ. ಮೈಸೂರು ರಸ್ತೆಯಲ್ಲಿ ಹೋಗುವಾಗ ಚನ್ನಪಟ್ಟಣದ ಅಂಗಡಿಗಳನ್ನು ನೋಡೇ ಇರುತ್ತೀರಿ. ಅಲ್ಲಿ ಒಂದು ಬುಗುರಿ ಹೇಗಾಗುತ್ತದೆ ನೋಡಿ. ಹಾಲೆ ಮರದ ತುಂಡನ್ನು ತಿರುಗುವ ಚರಕಿಗೆ ಸಿಕ್ಕಿಸಿ ಉಳಿಯಿಂದ ಕೊರೆಯುತ್ತಾರೆ. ಆಕಾರ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ತಾಳೆಗರಿಯ ತುಂಡು ಒತ್ತಿ ಹಿಡಿದರೆ ಬಣ್ಣ ಸಮವಾಗಿ ಹರಡಿ ಹೊಳಪು ಬರುತ್ತದೆ.

ಬುಗುರಿ ಎಂಬ ಯೋಚನೆ ಲೋಕದ್ದು. ಅರಗು ಹಚ್ಚುವ ವಿಧಾನ ತಲೆಮಾರುಗಳಿಂದ ಬಂದದ್ದು, ಅದಕ್ಕೂ ಒಬ್ಬ ಒಡೆಯ ಇಲ್ಲ. ಆದರೆ ‘ಚನ್ನಪಟ್ಟಣದ ಗೊಂಬೆ’ ಎಂಬ ಹೆಸರಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ, ಟ್ಯಾಗ್ ಇದೆ. ಒಂದು ಊರಿನ ಮಣ್ಣು, ಹವೆ ಅಥವಾ ಕೈಕಸುಬಿನಿಂದ ಹೆಸರಾದ ವಸ್ತುಗಳಿಗೆ 1999ರ ಕಾಯ್ದೆ ಕೊಡುವ ಗುರುತು ಅದು. ಬೆಂಗಳೂರಿನ ಸುತ್ತಮುತ್ತ ಬೆಳೆಯುವ ನೀಲಿ ದ್ರಾಕ್ಷಿ, ಗುಲಾಬಿ ಈರುಳ್ಳಿ, ದೇವನಹಳ್ಳಿ ಚಕ್ಕೋತಕ್ಕೂ ಅದು ಸಿಕ್ಕಿದೆ. ಬೇರೆ ಊರಿನಲ್ಲಿ ಅರಗಿನ ಬುಗುರಿ ಮಾಡುವುದನ್ನು ಜಿಐ ತಡೆಯುವುದಿಲ್ಲ. ಅದಕ್ಕೆ ಚನ್ನಪಟ್ಟಣದ ಹೆಸರು ಹಚ್ಚಿ ಮಾರುವುದನ್ನು ತಡೆಯುತ್ತದೆ. ಈ ಹಕ್ಕು ಒಬ್ಬರದ್ದಲ್ಲ, ಆ ಊರಿನಲ್ಲಿ ಆ ಕಸುಬು ಮಾಡುವ ಎಲ್ಲರದ್ದು.

ಈಗ ಒಬ್ಬ ಕುಶಲಕರ್ಮಿ ಯಾರೂ ಮಾಡದ ಹೊಸ ಆಕಾರದ ಬುಗುರಿ ಮಾಡಿದಳು ಅಂದುಕೊಳ್ಳಿ. ಆ ಆಕಾರಕ್ಕೆ, ಅಂದರೆ ಕಣ್ಣಿಗೆ ಕಾಣುವ ಚೆಂದಕ್ಕೆ ಮಾತ್ರ, 2000ದ ಡಿಸೈನ್ ಕಾಯ್ದೆಯಲ್ಲಿ ನೋಂದಣಿ ಮಾಡಿಸಬಹುದು. ಮೊದಲು 10 ವರ್ಷ, ಆಮೇಲೆ ಇನ್ನೂ 5 ವರ್ಷ ಸಿಗುತ್ತದೆ. ಆದರೆ ಮಾರುಕಟ್ಟೆಗೆ ಬಿಡುವ ಮೊದಲೇ ಅರ್ಜಿ ಹಾಕಬೇಕು. ‘ನನ್ನ ಹತ್ತಿರ ಚಿತ್ರ ಇದೆ, ಅದಕ್ಕೆ ಕಾಪಿರೈಟ್ ಇದ್ದೇ ಇದೆಯಲ್ಲ’ ಅಂತ ಸುಮ್ಮನಿರುವ ಹಾಗಿಲ್ಲ. ಡಿಸೈನ್ ಆಗಿ ನೋಂದಾಯಿಸಬಹುದಾದ ಚಿತ್ರವನ್ನು ನೋಂದಾಯಿಸದೆ, ಅದರಂತೆ ಯಂತ್ರದಲ್ಲಿ 50ಕ್ಕಿಂತ ಹೆಚ್ಚು ವಸ್ತು ತಯಾರಿಸಿದರೆ ಆ ಕಾಪಿರೈಟ್ ಅಲ್ಲಿಗೇ ಮುಗಿಯುತ್ತದೆ. ಒಡವೆ, ಬಟ್ಟೆ, ದೀಪ ಮಾಡಿ ಮಾರುವ ಸಣ್ಣ ಉದ್ಯಮದವರನ್ನು ನಿಜವಾಗಿ ತಟ್ಟುವ ನಿಯಮ ಇದು. ತಿಳಿಯದೆ ಹಕ್ಕು ಕಳೆದುಕೊಳ್ಳುವುದು ತುಂಬ ಸುಲಭ.

ಅವಳು ತನ್ನ ಅಂಗಡಿಗೆ ಒಂದು ಹೆಸರು, ಲೋಗೊ ಇಟ್ಟರೆ ಅದು ಟ್ರೇಡ್‌ಮಾರ್ಕ್. ನೋಂದಣಿ ಮಾಡಿಸಿ ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಬಹುದು.

ಪೇಟೆಂಟ್ ಬೇಕಾಗುವುದು ಯಾವಾಗ

ವಸ್ತು ಹೇಗೆ ಕಾಣುತ್ತದೆ ಅನ್ನುವುದಲ್ಲ, ಹೇಗೆ ಕೆಲಸ ಮಾಡುತ್ತದೆ ಅನ್ನುವುದರಲ್ಲಿ ಹೊಸತಿದ್ದರೆ ಪೇಟೆಂಟ್. ಅದು ಲೋಕಕ್ಕೇ ಹೊಸದಾಗಿರಬೇಕು. ಆ ವಿದ್ಯೆ ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದು ಆಗಿರಬಾರದು. ತಯಾರಿಸಿ ಬಳಸುವಂತಿರಬೇಕು. ಅರ್ಜಿ ಹಾಕಿದ ದಿನದಿಂದ 20 ವರ್ಷ ಹಕ್ಕು ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ನೀವು ಅದನ್ನು ಮಾಡುವ ವಿಧಾನವನ್ನು ಪೂರ್ತಿ ಬಿಚ್ಚಿ ಬರೆದುಕೊಡಬೇಕು. ಅವಧಿ ಮುಗಿದ ಮೇಲೆ ಎಲ್ಲರೂ ಅದನ್ನು ಬಳಸಬಹುದು.

1970ರ ಪೇಟೆಂಟ್ ಕಾಯ್ದೆ ಕೆಲವನ್ನು ಹೊರಗೇ ಇಟ್ಟಿದೆ. ಗಣಿತದ ಸೂತ್ರ, ವ್ಯಾಪಾರ ಮಾಡುವ ವಿಧಾನ, ಬರೀ ಕಂಪ್ಯೂಟರ್ ಪ್ರೋಗ್ರಾಂ, ಆಟದ ನಿಯಮ, ಬೇಸಾಯದ ವಿಧಾನ, ಪರಂಪರೆಯಿಂದ ಬಂದ ತಿಳಿವಳಿಕೆ ಇವು ಯಾವುದಕ್ಕೂ ಪೇಟೆಂಟ್ ಇಲ್ಲ. ‘ನನ್ನ ಆ್ಯಪ್ ಐಡಿಯಾಗೆ ಪೇಟೆಂಟ್ ಮಾಡಿಸಬೇಕು’ ಎಂದು ಬರುವವರಿಗೆ ಮೊದಲು ಅಡ್ಡ ಬರುವುದು ಈ ಪಟ್ಟಿಯೇ. ಪರಂಪರೆಯ ತಿಳಿವಳಿಕೆಯನ್ನು ಯಾಕೆ ಕಾಯಬೇಕು ಅನ್ನುವುದಕ್ಕೆ ಅರಿಸಿನದ ಕಥೆ ಇದೆ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟರು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನೂ, 1953ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಲೇಖನವನ್ನೂ ಮುಂದಿಟ್ಟು ತಕರಾರು ತೆಗೆಯಿತು. 1997ರಲ್ಲಿ ಅದು ರದ್ದಾಯಿತು.

ಪೇಟೆಂಟ್ ವಿಷಯದಲ್ಲಿ ಹೊಸಬರು ಎಡವುವುದು ಬೇರೆ ಕಡೆ. ಖುಷಿಯಲ್ಲಿ ಮೊದಲು ರೀಲ್ ಹಾಕುತ್ತಾರೆ, ಮೇಳದಲ್ಲಿ ಇಟ್ಟು ತೋರಿಸುತ್ತಾರೆ, ಆಮೇಲೆ ಅರ್ಜಿ ಹಾಕಲು ಹೋಗುತ್ತಾರೆ. ಅಷ್ಟರಲ್ಲಿ ಅದು ಊರಿಗೆಲ್ಲ ಗೊತ್ತು, ಹೊಸದಲ್ಲ ಅನ್ನಿಸಿಕೊಳ್ಳುತ್ತದೆ. ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ನಿಮ್ಮದೇ ಪೋಸ್ಟ್ ನಿಮ್ಮ ಪೇಟೆಂಟ್‌ಗೆ ಮುಳುವಾಗುತ್ತದೆ. ಅದಕ್ಕಾಗಿಯೇ ಪ್ರೊವಿಷನಲ್ ಅರ್ಜಿ ಅಂತ ಇದೆ. ಯೋಚನೆ ಪೂರ್ತಿ ಹದಕ್ಕೆ ಬರುವ ಮೊದಲೇ ಅದನ್ನು ಹಾಕಿ ದಿನಾಂಕ ಹಿಡಿದಿಟ್ಟುಕೊಳ್ಳಬಹುದು. ಪೂರ್ತಿ ವಿವರ ಕೊಡಲು 12 ತಿಂಗಳು ಸಮಯ. ಆನ್‌ಲೈನ್‌ನಲ್ಲಿ ಒಬ್ಬ ವ್ಯಕ್ತಿಗೆ ಅಥವಾ ಸ್ಟಾರ್ಟಪ್‌ಗೆ ಮೂಲ ಶುಲ್ಕ 1,600 ರೂಪಾಯಿ. ವಕೀಲರ ಖರ್ಚು ಬೇರೆ, ಜಾಸ್ತಿ ಆಗುವುದು ಅದೇ. ಕರ್ನಾಟಕದ ಅರ್ಜಿಗಳು ಚೆನ್ನೈನ ಪೇಟೆಂಟ್ ಕಚೇರಿಗೆ ಹೋಗುತ್ತವೆ.

ಬಾಯಲ್ಲಿ ಹೇಳಿದ್ದಕ್ಕೆ ರಕ್ಷಣೆ ಇಲ್ಲವೇ?

ಪೂರ್ತಿ ಇಲ್ಲ ಅನ್ನುವ ಹಾಗಿಲ್ಲ. ‘ಇದು ಗುಟ್ಟು, ನಿಮ್ಮನ್ನು ನಂಬಿ ಹೇಳುತ್ತಿದ್ದೇನೆ’ ಎಂಬ ಷರತ್ತಿನ ಮೇಲೆ ಹೇಳಿದ್ದನ್ನು ಕೇಳಿದವರು ತಮಗೆ ಬೇಕಾದಂತೆ ಬಳಸುವ ಹಾಗಿಲ್ಲ. ಇದು ಕಾಪಿರೈಟ್ ಅಲ್ಲ, ನಂಬಿಕೆದ್ರೋಹದ ಲೆಕ್ಕ. ಟಿ.ವಿ. ಧಾರಾವಾಹಿಯೊಂದರ ಪರಿಕಲ್ಪನೆಯನ್ನು ಚಾನೆಲ್‌ಗೆ ವಿವರಿಸಿದವರು, ಅದನ್ನೇ ಹೋಲುವ ಧಾರಾವಾಹಿ ಬಂದಾಗ ಬಾಂಬೆ ಹೈಕೋರ್ಟಿಗೆ ಹೋದರು. 2003ರಲ್ಲಿ ಕೋರ್ಟ್ ಅವರ ಪರ ನಿಂತಿತು. ಅವರು ಹೇಳಿದ್ದು ಬರೀ ಒಂದು ಸಾಲಿನ ಯೋಚನೆ ಆಗಿರಲಿಲ್ಲ. ಪಾತ್ರ, ಕಥೆಯ ಓಟ ಎಲ್ಲವನ್ನೂ ಬೆಳೆಸಿ, ಕಾಗದಕ್ಕಿಳಿಸಿ, ನಂಬಿ ಕೊಟ್ಟಿದ್ದರು. ಆನಂದ್ ಅವರ ಮೊಕದ್ದಮೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಇಲ್ಲಿ ಕಾಪಿರೈಟ್ ಜೊತೆಗೆ ನಂಬಿಕೆಯ ಪ್ರಶ್ನೆಯೂ ಇತ್ತು.

ಎನ್‌ಡಿಎ ಅಂತ ಸ್ಟಾರ್ಟಪ್‌ನವರು ಸಹಿ ಹಾಕಿಸಿಕೊಳ್ಳುವ ಕಾಗದದ ಉದ್ದೇಶವೂ ಇದೇ, ಗುಟ್ಟು ಕಾಯುವ ಒಪ್ಪಂದ. ದೊಡ್ಡ ನಿರ್ಮಾಪಕರು, ಹಣ ಹೂಡುವವರು ಅದಕ್ಕೆ ಸಹಿ ಹಾಕಲು ಒಪ್ಪದೆಯೂ ಇರಬಹುದು. ಆಗ ಇರುವ ದಾರಿ ಅಂದರೆ, ಭೇಟಿಗೆ ಮೊದಲು ಬರಹವನ್ನು ಮುಗಿಸಿಕೊಳ್ಳುವುದು, ಭೇಟಿಯಾದ ಮೇಲೆ ‘ಇವತ್ತು ನಿಮಗೆ ಈ ಕಥೆ ಹೇಳಿದೆ, ಸ್ಕ್ರಿಪ್ಟ್ ಇದರ ಜೊತೆಗಿದೆ, ಇದು ಗೋಪ್ಯ’ ಎಂದು ಅವತ್ತೇ ಒಂದು ಇಮೇಲ್ ಕಳಿಸುವುದು. ನಮಗೆ ನಾವೇ ರಿಜಿಸ್ಟರ್ಡ್ ಪೋಸ್ಟ್ ಹಾಕಿಕೊಂಡು ಲಕೋಟೆ ಒಡೆಯದೆ ಇಡುವ ಹಳೆಯ ಉಪಾಯಕ್ಕೆ ಕಾನೂನಿನಲ್ಲಿ ವಿಶೇಷ ಬೆಲೆ ಏನೂ ಇಲ್ಲ. ಎದುರಿನವರ ಕೈಗೆ ಅದು ತಲುಪಿತ್ತು ಅಂತ ಆ ಲಕೋಟೆ ತೋರಿಸುವುದಿಲ್ಲವಲ್ಲ.

ಕದ್ದಿದ್ದಾರೆ ಅನ್ನಿಸಿದರೆ

ಮೊದಲು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕೂತುಕೊಳ್ಳಿ. ವಿಷಯದಲ್ಲಿ ಹೋಲುವ ಅಂಶಗಳನ್ನು ಒಂದು ಕಡೆ ಬರೆಯಿರಿ. ದೃಶ್ಯ, ಮಾತು, ಜೋಡಣೆ, ಚಿತ್ರ, ಕೋಡ್ ಹೋಲುವುದನ್ನು ಇನ್ನೊಂದು ಕಡೆ. ಎರಡನೇ ಪಟ್ಟಿ ಖಾಲಿಯಾಗಿದ್ದರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ತುಂಬಿದ್ದರೆ, ನಿಮ್ಮ ಡ್ರಾಫ್ಟ್‌ಗಳು, ಫೈಲ್ ಮಾಡಿದ ದಿನಾಂಕ, ಇಮೇಲ್ ಎಲ್ಲ ಒಟ್ಟು ಮಾಡಿಕೊಂಡು ವಕೀಲರ ಹತ್ತಿರ ಹೋಗಿ. ತಡ ಮಾಡಬೇಡಿ, ದಾವೆ ಹಾಕಲು ಸಾಮಾನ್ಯವಾಗಿ ಇರುವ ಕಾಲ ಮೂರು ವರ್ಷ. ಯೂಟ್ಯೂಬ್, ಇನ್‌ಸ್ಟಾಗ್ರಾಂನಲ್ಲಿ ನಿಮ್ಮ ವಿಡಿಯೊವನ್ನೇ ಎತ್ತಿ ಹಾಕಿದ್ದರೆ ಅಲ್ಲೇ ಕಾಪಿರೈಟ್ ದೂರು ಕೊಡುವ ಫಾರಂ ಇದೆ, ಅದು ಎಲ್ಲಕ್ಕಿಂತ ಬೇಗ.

ಕಾಪಿರೈಟ್ ದಾವೆಗೆ ಒಂದು ಅನುಕೂಲ ಇದೆ. ಎದುರಿನವರು ಮುಂಬೈಯಲ್ಲಿರಲಿ, ಹೈದರಾಬಾದ್‌ನಲ್ಲಿರಲಿ, ಹಕ್ಕಿನ ಒಡೆಯರು ತಾವು ವಾಸವಿರುವ ಊರಿನಲ್ಲೇ ದಾವೆ ಹಾಕಲು ಕಾಯ್ದೆಯ 62ನೇ ವಿಧಿ ಅವಕಾಶ ಕೊಡುತ್ತದೆ. ಬೆಂಗಳೂರಿನಲ್ಲಿ ಇರುವ ಬರಹಗಾರರು ಬೆಂಗಳೂರಿನ ಕೋರ್ಟಿಗೇ ಹೋಗಬಹುದು.